ಗೇರು ಸಿಪ್ಪೆಯ ಸೊನೆಗೆ ಹೆಸರು ಸಿಕ್ಕಿದ್ದು ಹೇಗೆ?

ಏಪ್ರಿಲ್ ಬಂತೆಂದರೆ ನಾರಾವಿ, ಅಳದಂಗಡಿ, ಹೊಸ್ಮಾರು ಕಡೆಯ ಗುಡ್ಡಗಳಲ್ಲಿ ಗೇರುಹಣ್ಣಿನದ್ದೇ ವಾಸನೆ. ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟವರು ಬಿದ್ದ ಹಣ್ಣು ಹೆಕ್ಕಿ, ಬೀಜ ತಿರುಚಿ ತೆಗೆದು, ಅಂಗಳದಲ್ಲಿ ಒಣಗಲು ಹಾಕುತ್ತಾರೆ. ಶಾಲೆಗೆ ರಜೆ ಸಿಕ್ಕ ಮಕ್ಕಳು ತೋಟದ ಮೂಲೆಯಲ್ಲಿ ತರಗೆಲೆಗೆ ಬೆಂಕಿ ಕೊಟ್ಟು ನಾಲ್ಕು ಬೀಜ ಸುಡುತ್ತಾರೆ. ಸಿಪ್ಪೆ ಸಿಡಿದು ಸೊನೆ ಹಾರುತ್ತದೆ. ತುಟಿಯ ಬದಿ, ಬೆರಳಿನ ಸಂದು ಕಪ್ಪಾಗಿ, ಗುಳ್ಳೆ ಎದ್ದು, ಕೆಲವು ದಿನ ಕಳೆದ ಮೇಲೆ ಚರ್ಮ ಸುಲಿಯುತ್ತದೆ. "ಮೊದಲೇ ಹೇಳಿದ್ದೆ, ಸೊನೆ ತಾಗಿದರೆ ಬಿಡುವುದಿಲ್ಲ" ಎಂದು ಅಜ್ಜಿ ತೆಂಗಿನೆಣ್ಣೆ ಹಚ್ಚುತ್ತಾರೆ.

ಈ ಸೊನೆಗೂ ಕಲ್ಲಿದ್ದಲಿನ ಕಪ್ಪು ಟಾರಿಗೂ ಸಂಬಂಧ ಇದೆ ಎಂದರೆ ನಂಬುತ್ತೀರಾ? ಒಂದು ನಮ್ಮ ಗುಡ್ಡದ ಮರದ್ದು. ಇನ್ನೊಂದು ನೆಲದಡಿಯ ಗಣಿಯದ್ದು. ಆದರೆ ಎರಡರಲ್ಲೂ ಇರುವುದು ಫೀನಾಲ್ ಎಂಬ ಒಂದೇ ಕುಟುಂಬದ ವಸ್ತುಗಳು. ಅಂಟಂಟಾದ, ಕಪ್ಪಾದ, ಘಾಟು ವಾಸನೆಯ ಎಣ್ಣೆಯಲ್ಲಿ ಯಾವ ವಸ್ತು ಇದೆ ಎಂದು ಮನುಷ್ಯರು ಪತ್ತೆ ಹಚ್ಚಿದ್ದು ಹೇಗೆ? ಆ ಕತೆಯನ್ನು ನಾವು ಇಲ್ಲಿ ಹೇಳುತ್ತೇವೆ. ಮೊದಲು ಟಾರ್, ಆಮೇಲೆ ಗೇರು.

ರಸ್ತೆಯ ಡಾಮರು ಬೇರೆ, ಈ ಟಾರ್ ಬೇರೆ

ಒಂದು ಗೊಂದಲ ಮೊದಲೇ ಪರಿಹರಿಸಿಕೊಳ್ಳೋಣ. ಇಂದು ನಮ್ಮ ರಸ್ತೆಗೆ ಹಾಕುವ ಡಾಮರು ಕಚ್ಚಾ ಪೆಟ್ರೋಲಿಯಂ ಎಣ್ಣೆಯಿಂದ ಬರುವ ಬಿಟುಮೆನ್. ಕಲ್ಲಿದ್ದಲಿನ ಟಾರ್ ಎಂದರೆ ಕೋಲ್‌ಟಾರ್. ಕಲ್ಲಿದ್ದಲನ್ನು ಗಾಳಿ ತಾಗದಂತೆ ಮುಚ್ಚಿದ ಒಲೆಯಲ್ಲಿ ಕಾಯಿಸಿದರೆ ಗ್ಯಾಸ್ ಹೊರಡುತ್ತದೆ, ಕೋಕ್ ಉಳಿಯುತ್ತದೆ. ಜೊತೆಗೆ ತಣ್ಣಗಾದ ಕೊಳವೆಗಳಲ್ಲಿ ಒಂದು ಕಪ್ಪು ದ್ರವ ಇಳಿಯುತ್ತದೆ. ಅದೇ ಕೋಲ್‌ಟಾರ್. 19ನೇ ಶತಮಾನದಲ್ಲಿ ಯುರೋಪಿನ ಪಟ್ಟಣಗಳು ಬೀದಿದೀಪಕ್ಕೆ ಕಲ್ಲಿದ್ದಲ ಗ್ಯಾಸ್ ಉರಿಸತೊಡಗಿದಾಗ ಈ ಟಾರ್ ರಾಶಿ ಬಿತ್ತು. ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

1834ರಲ್ಲಿ ಜರ್ಮನಿಯ ಫ್ರೀಡ್ಲೀಬ್ ರುಂಗೆ ಈ ಟಾರಿನಿಂದ ಒಂದು ವಸ್ತು ಬೇರ್ಪಡಿಸಿ ಅದಕ್ಕೆ ಕಾರ್ಬಾಲಿಕ್ ಆಸಿಡ್ ಎಂದು ಹೆಸರಿಟ್ಟ. 1841ರಲ್ಲಿ ಫ್ರಾನ್ಸಿನ ಆಗುಸ್ಟ್ ಲೊರಾಂ ಅದನ್ನೇ ಶುದ್ಧ ಹರಳಾಗಿ ಪಡೆದ. ಅದೇ ಫೀನಾಲ್. ಹಳೆಯ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆ, ಆಸ್ಪತ್ರೆಯ ವರಾಂಡದ ವಾಸನೆ, ನೀರಿಗೆ ಹಾಕಿದರೆ ಹಾಲಿನಂತಾಗುವ ಕಪ್ಪು ಫಿನಾಯಿಲ್‌ನ ವಾಸನೆ ಎಲ್ಲ ಈ ಕುಟುಂಬದ್ದೇ.

ಹೆಸರು ತಪ್ಪಿದರೆ ಏನಾಗುತ್ತದೆ

ಆದರೆ ವಾಸನೆ ನಂಬಿ ಹೆಸರಿಟ್ಟರೆ ಎಡವಟ್ಟಾಗುತ್ತದೆ. 1832ರಲ್ಲಿ ರೈಖೆನ್‌ಬಾಖ್ ಎಂಬಾತ ಬೀಚ್ ಮರದ ಟಾರಿನಿಂದ ಕ್ರಿಯೋಸೋಟ್ ಎಂಬ ಎಣ್ಣೆ ತೆಗೆದಿದ್ದ. ಎರಡು ವರ್ಷದ ನಂತರ ರುಂಗೆಯ ಕಾರ್ಬಾಲಿಕ್ ಬಂತು. ವಾಸನೆ ಹತ್ತಿರ ಹತ್ತಿರ, ಎರಡೂ ಚರ್ಮ ಸುಡುತ್ತವೆ, ಎರಡೂ ಮಾಂಸ ಕೊಳೆಯದಂತೆ ತಡೆಯುತ್ತವೆ. ಹಾಗಾಗಿ ಎರಡೂ ಒಂದೇ ಎಂದು ಅನೇಕರು ನಂಬಿದರು. ಕಲ್ಲಿದ್ದಲ ಕಾರ್ಬಾಲಿಕ್ ಅಂಗಡಿಗಳಲ್ಲಿ ಕ್ರಿಯೋಸೋಟ್ ಹೆಸರಿನಲ್ಲೇ ಮಾರಾಟವಾಯಿತು. ನಿಜವಾಗಿ ಮರದ ಟಾರಿನಲ್ಲಿ ಹೆಚ್ಚಿರುವುದು ಗ್ವಾಯಕಾಲ್‌ನಂಥ ಬೇರೆ ಫೀನಾಲ್‌ಗಳು.

1865ರಲ್ಲಿ ಗ್ಲಾಸ್ಗೋದ ವೈದ್ಯ ಜೋಸೆಫ್ ಲಿಸ್ಟರ್ ಗಾಡಿಚಕ್ರದಡಿ ಕಾಲು ಮುರಿದುಕೊಂಡಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಬಟ್ಟೆ ಕಟ್ಟಿದ. ಆ ಕಾಲದಲ್ಲಿ ಅಂಥ ಗಾಯ ಕೊಳೆತು ಕಾಲು ಕತ್ತರಿಸುವುದೇ ಹೆಚ್ಚು. ಈ ಹುಡುಗನ ಕಾಲು ಉಳಿಯಿತು. ಲಿಸ್ಟರ್ ಕೈಗೆ ಮೊದಲು ಸಿಕ್ಕಿದ್ದು ಕಚ್ಚಾ ಮಾಲು, ನೀರಿನಲ್ಲಿ ಸರಿಯಾಗಿ ಕರಗದ ಎಣ್ಣೆ. ಶುದ್ಧ ಫೀನಾಲ್ ಸಿಕ್ಕ ಮೇಲೆ ಅಳತೆ ಹಿಡಿದು ನೀರಿನಲ್ಲಿ ಕರಗಿಸಿ ಬಳಸಲು ಸಾಧ್ಯವಾಯಿತು. ಬಾಟಲಿಯಲ್ಲಿ ಏನಿದೆ ಎಂದು ತಿಳಿಯುವುದು ರೋಗಿಯ ಪ್ರಾಣದ ವಿಷಯ ಎಂದು ಹೀಗೆ ಗೊತ್ತಾಯಿತು.

ಮರದ ಟಾರ್ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಸುಮಾರು 100 ವರ್ಷಗಳ ಹಿಂದೆ ಮೈಸೂರು ಸೀಮೆಯ ಮರಗಳನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಏನೇನು ಬರುತ್ತದೆ ಎಂದು ಅಳೆದಿದ್ದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಇದ್ದಿಲಿನ ಜೊತೆ ಅಲ್ಲೂ ಟಾರ್ ಇಳಿಯುತ್ತಿತ್ತು.

ಬರಿ ಗೊತ್ತಾಯಿತು, ಹೆಸರು ಗೊತ್ತಾಗಲಿಲ್ಲ

ಟಾರಿನ ಎಣ್ಣೆಯಲ್ಲಿ ಫೀನಾಲ್‌ಗಳು ಇವೆಯೇ ಎಂದು ನೋಡುವುದು ಸುಲಭ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಹಾಕಿ ಚೆನ್ನಾಗಿ ಕುಲುಕಬೇಕು. ಫೀನಾಲ್‌ಗಳು ಸೋಡಾದೊಂದಿಗೆ ಸೇರಿ ನೀರಿಗೆ ಇಳಿಯುತ್ತವೆ, ಉಳಿದ ಎಣ್ಣೆ ಮೇಲೆ ತೇಲುತ್ತದೆ. ಕೆಳಗಿನ ನೀರನ್ನು ಬೇರೆ ಮಾಡಿ ಆಸಿಡ್ ಹಾಕಿದರೆ ಫೀನಾಲ್‌ಗಳು ಮತ್ತೆ ಎಣ್ಣೆಯಾಗಿ ಬೇರ್ಪಡುತ್ತವೆ. ಅದರ ಒಂದು ಹನಿಗೆ ಫೆರಿಕ್ ಕ್ಲೋರೈಡ್ ಹಾಕಿದರೆ ಬಹಳಷ್ಟು ಸಲ ನೇರಳೆ ಅಥವಾ ನೀಲಿ ಬಣ್ಣ ಬರುತ್ತದೆ.

ಆದರೆ ಇಷ್ಟರಿಂದ ತಿಳಿಯುವುದು ಕುಟುಂಬ ಮಾತ್ರ. ತುಳುನಾಡಿನಲ್ಲಿ ಹಿರಿಯರು ಹೊಸಬರನ್ನು ಕಂಡರೆ ಊರು ಕೇಳಿ, ಆಮೇಲೆ ಬರಿ ಕೇಳುವುದುಂಟು. ಬರಿ ಹೇಳಿದರೆ ಯಾವ ಕಡೆಯವರು ಎಂದು ತಿಳಿಯುತ್ತದೆ. ಆ ಬರಿಯಲ್ಲಿ ನೂರು ಜನ ಇರಬಹುದು, ಇವರು ಯಾರು ಎಂದು ತಿಳಿಯುವುದಿಲ್ಲ. ಟಾರಿನ ಕತೆಯೂ ಹಾಗೆಯೇ. ಅದರಲ್ಲಿ ಫೀನಾಲ್ ಒಂದೇ ಅಲ್ಲ, ಅದರ ತಮ್ಮಂದಿರಂಥ ಮೂರು ಕ್ರೆಸಾಲ್‌ಗಳಿವೆ: ಆರ್ಥೋ, ಮೆಟಾ, ಪ್ಯಾರಾ. ಮೂರರಲ್ಲೂ ಇರುವ ಪರಮಾಣುಗಳ ಲೆಕ್ಕ ಒಂದೇ, ಜೋಡಣೆಯ ಜಾಗ ಮಾತ್ರ ಬೇರೆ. ಅವುಗಳಾಚೆ ಕ್ಸೈಲೆನಾಲ್‌ಗಳೂ ಇವೆ.

ಕುದಿಸಿ ಬೇರ್ಪಡಿಸಬಹುದಲ್ಲ ಎಂದು ಕೇಳಬಹುದು. ಫೀನಾಲ್ 182 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆರ್ಥೋ ಕ್ರೆಸಾಲ್ 191ರಲ್ಲಿ. ಇವೆರಡನ್ನು ಶ್ರಮಪಟ್ಟು ಬೇರೆ ಮಾಡಬಹುದು. ಆದರೆ ಮೆಟಾ ಮತ್ತು ಪ್ಯಾರಾ ಎರಡೂ ಕುದಿಯುವುದು 202ರ ಹತ್ತಿರ. ಆವಿಯಾಗಿ ಏರುವುದೂ ಜೊತೆಗೆ, ತಣ್ಣಗಾಗಿ ಇಳಿಯುವುದೂ ಜೊತೆಗೆ.

ಹರಳು ಕಟ್ಟಿಸಿ ನೋಡೋಣವೆಂದರೆ ಅದೂ ಕಷ್ಟ. ಶುದ್ಧ ಫೀನಾಲ್ ಕರಗುವುದು 41 ಡಿಗ್ರಿಯಲ್ಲಿ, ಪ್ಯಾರಾ ಕ್ರೆಸಾಲ್ 35ರಲ್ಲಿ, ಆರ್ಥೋ 31ರಲ್ಲಿ, ಮೆಟಾ 12ರಲ್ಲಿ. ನಮ್ಮ ಊರಿನ ಬೇಸಿಗೆಗೆ ಕ್ರೆಸಾಲ್‌ಗಳು ನೀರಾಗಿಬಿಡುತ್ತವೆ. ಒಂದರೊಂದಿಗೆ ಒಂದು ಬೆರೆತರೆ ಇನ್ನೂ ಕಡಿಮೆ ಉಷ್ಣತೆಗೇ ಕರಗುತ್ತವೆ.

ಎಣ್ಣೆಯನ್ನು ಹರಳು ಮಾಡುವ ಉಪಾಯ

ಆಗ ರಸಾಯನಶಾಸ್ತ್ರಜ್ಞರು ಹಿಡಿದ ದಾರಿ ಸರಳ. ಗುರುತು ಸಿಗದ ಎಣ್ಣೆಗೆ ಗೊತ್ತಿರುವ ಇನ್ನೊಂದು ವಸ್ತು ಸೇರಿಸಿ, ಎರಡೂ ಕೂಡಿ ಹೊಸ ವಸ್ತು ಆಗುವಂತೆ ಮಾಡುವುದು. ಆ ಹೊಸ ವಸ್ತು ಗಟ್ಟಿ ಹರಳಾಗಬೇಕು, ಅದು ಕರಗುವ ಉಷ್ಣತೆ ಪ್ರತಿ ಫೀನಾಲ್‌ಗೂ ಬೇರೆಬೇರೆ ಆಗಿರಬೇಕು. ಇಂಥ ಹೊಸ ವಸ್ತುವನ್ನು ಡೆರಿವೇಟಿವ್ ಎನ್ನುತ್ತಾರೆ, ಪಠ್ಯಪುಸ್ತಕದ ಕನ್ನಡದಲ್ಲಿ ವ್ಯುತ್ಪನ್ನ.

ಅತಿ ಸುಲಭದ್ದು ಬ್ರೋಮಿನ್ ನೀರಿನ ಪರೀಕ್ಷೆ. ಫೀನಾಲ್ ಇರುವ ನೀರಿಗೆ ಕಿತ್ತಳೆ ಬಣ್ಣದ ಬ್ರೋಮಿನ್ ನೀರು ಹಾಕಿದ ಕೂಡಲೇ ಬಣ್ಣ ಹೋಗಿ ಬಿಳಿ ಹಿಟ್ಟಿನಂಥದ್ದು ಬೀಳುತ್ತದೆ. ಅದನ್ನು ಸೋಸಿ, ಶುದ್ಧ ಮಾಡಿ, ಒಣಗಿಸಿದರೆ ಅದು ಕರಗುವುದು 95 ಡಿಗ್ರಿಯ ಹತ್ತಿರ. ಇಂದಿಗೂ ಬಿ.ಎಸ್ಸಿ. ವಿದ್ಯಾರ್ಥಿಗಳು ಪ್ರಾಕ್ಟಿಕಲ್‌ನಲ್ಲಿ ಇದನ್ನು ಮಾಡುತ್ತಾರೆ.

ಇನ್ನೊಂದು ಚೆಂದದ ದಾರಿಯನ್ನು 1931ರಲ್ಲಿ ಅಮೆರಿಕದ ಸಿ. ಎಫ್. ಕೋಲ್ಷ್ ವಿವರಿಸಿದ. ಅದರಲ್ಲಿ ಫೀನಾಲನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಕ್ಲೋರೋ ಅಸಿಟಿಕ್ ಆಸಿಡ್ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಎರಡೂ ಕೂಡಿ ಒಂದು ಹೊಸ ಆಮ್ಲವಾಗುತ್ತದೆ. ತಣಿದ ಮೇಲೆ ಬೇರೆ ಆಸಿಡ್ ಹಾಕಿ ಅದನ್ನು ಹೊರಗೆ ಬರಿಸಿ, ಈಥರ್‌ನಲ್ಲಿ ಎತ್ತಿಕೊಳ್ಳುತ್ತಾರೆ. ಆದರೆ ಕೂಡದೆ ಉಳಿದ ಹಳೆಯ ಫೀನಾಲೂ ಅದರ ಜೊತೆ ಬಂದಿರುತ್ತದೆ. ಅದನ್ನು ಬಿಡಿಸುವುದೇ ಇಲ್ಲಿನ ಜಾಣತನ. ಈಥರ್‌ಗೆ ಸೋಡಿಯಂ ಕಾರ್ಬೊನೇಟ್ ನೀರು, ಅಂದರೆ ವಾಷಿಂಗ್ ಸೋಡಾದ ನೀರು ಹಾಕಿ ಕುಲುಕಿದರೆ ಹೊಸ ಆಮ್ಲ ಆ ನೀರಿಗೆ ಇಳಿಯುತ್ತದೆ. ಹಳೆಯ ಫೀನಾಲ್ ಬಹುಪಾಲು ಈಥರ್‌ನಲ್ಲೇ ಉಳಿಯುತ್ತದೆ. ನೀರನ್ನು ಬೇರೆ ಮಾಡಿ ಮತ್ತೆ ಆಸಿಡ್ ಹಾಕಿದರೆ ಗಟ್ಟಿ ವಸ್ತು ಬೀಳುತ್ತದೆ. ಅದನ್ನು ಕುದಿನೀರಿನಲ್ಲಿ ಕರಗಿಸಿ ನಿಧಾನ ತಣಿಸಿದರೆ, ಕಲ್ಲುಸಕ್ಕರೆ ಕಟ್ಟುವ ಹಾಗೆ, ಹರಳು ಕಟ್ಟುತ್ತದೆ. ಕೊಳೆ ನೀರಿನಲ್ಲಿ ಉಳಿಯುತ್ತದೆ.

ಒಣಗಿದ ಹರಳನ್ನು ಪುಡಿಮಾಡಿ ಸೂಜಿಯಂಥ ಗಾಜಿನ ನಳಿಕೆಗೆ ತುಂಬಿ, ಥರ್ಮಾಮೀಟರ್ ಪಕ್ಕ ಕಟ್ಟಿ, ನಿಧಾನ ಬಿಸಿಮಾಡುತ್ತಾರೆ. ಫೀನಾಲಿನ ಹರಳಾದರೆ ಸುಮಾರು 99 ಡಿಗ್ರಿಯಲ್ಲಿ ಕರಗುತ್ತದೆ. ಮೆಟಾ ಕ್ರೆಸಾಲ್‌ನದ್ದು 103ರಲ್ಲಿ, ಪ್ಯಾರಾದ್ದು 135ರಲ್ಲಿ, ಆರ್ಥೋದ್ದು 152ರಲ್ಲಿ. 202ರಲ್ಲಿ ಒಟ್ಟಿಗೇ ಕುದಿಯುತ್ತಿದ್ದ ಮೆಟಾ, ಪ್ಯಾರಾ ಈಗ 32 ಡಿಗ್ರಿ ದೂರ ನಿಂತವು ನೋಡಿ.

ಆದರೆ 99 ಮತ್ತು 103 ತೀರಾ ಹತ್ತಿರ. ಅದಕ್ಕೆ ಎರಡನೇ ಸಾಕ್ಷಿ ಬೇಕು. ಅದೇ ಎಣ್ಣೆಯ ಇನ್ನಷ್ಟನ್ನು ತೆಗೆದು ಡೈನೈಟ್ರೋ ಬೆನ್ಝೋಯೇಟ್ ಎಂಬ ಬೇರೆ ಡೆರಿವೇಟಿವ್ ಮಾಡಿದರೆ ಫೀನಾಲಿನದ್ದು 146ರಲ್ಲಿ, ಮೆಟಾದ್ದು 165ರಲ್ಲಿ ಕರಗುತ್ತದೆ. ಇನ್ನು ಸಂಶಯ ಉಳಿಯುವುದಿಲ್ಲ. ಉಳಿದರೂ ಕೊನೆಯ ಒಂದು ಪರೀಕ್ಷೆ ಇದೆ. ಗೊತ್ತಿರುವ ಹರಳಿನ ಪುಡಿಯನ್ನು ಗೊತ್ತಿಲ್ಲದ ಹರಳಿನ ಪುಡಿಗೆ ಬೆರೆಸಿ ಮತ್ತೆ ಕರಗಿಸುವುದು. ಎರಡೂ ಒಂದೇ ಆಗಿದ್ದರೆ ಉಷ್ಣತೆ ಬದಲಾಗುವುದಿಲ್ಲ. ಬೇರೆಯಾಗಿದ್ದರೆ ಮೊದಲೇ ಮೆತ್ತಗಾಗಿ, ಎಳೆದೆಳೆದು ಕರಗುತ್ತದೆ. ಬೆರಕೆ ಇದ್ದರೆ ಹರಳೇ ಹೇಳಿಬಿಡುತ್ತದೆ.

ಈಗ ನಮ್ಮ ಗುಡ್ಡಕ್ಕೆ ಬರೋಣ

ಗೇರು ನಮ್ಮ ಮೂಲದ ಮರವಲ್ಲ. ಬ್ರೆಜಿಲ್‌ನಿಂದ ಪೋರ್ಚುಗೀಸರು 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದದ್ದು. ಬೀಜದ ಸಿಪ್ಪೆ ಎರಡು ಪದರದ್ದು, ನಡುವೆ ಜೇನುಗೂಡಿನಂಥ ಭಾಗ. ಸೊನೆ ಇರುವುದು ಅಲ್ಲಿ. ಸಿಪ್ಪೆಯ ತೂಕದ ಸುಮಾರು ಕಾಲು ಪಾಲು ಈ ಎಣ್ಣೆಯೇ.

1847ರಲ್ಲಿ ಸ್ಟೆಡಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಈ ಸೊನೆಯನ್ನು ಪರೀಕ್ಷೆಗೆ ಎತ್ತಿಕೊಂಡ. ಟಾರಿನಂತೆ ಇದೂ ಅಂಟು, ಇದೂ ಬೆರಕೆ. ಇಲ್ಲಿಯೂ ಉಪಾಯ ಅದೇ, ಜೊತೆ ಕೊಟ್ಟು ಗಟ್ಟಿ ಮಾಡುವುದು. ಸೊನೆಯಲ್ಲಿದ್ದ ಒಂದು ವಸ್ತು ಸೀಸದ ಜೊತೆ ಕೂಡಿ ಗಟ್ಟಿಯಾಗಿ ತಳಕ್ಕೆ ಬಿತ್ತು. ಇನ್ನೊಂದು ಕೂಡದೆ ದ್ರವದಲ್ಲೇ ಉಳಿಯಿತು. ತಳಕ್ಕೆ ಬಿದ್ದದ್ದು ಅನಕಾರ್ಡಿಕ್ ಆಸಿಡ್, ಮೇಲೆ ಉಳಿದದ್ದು ಕಾರ್ಡಾಲ್. ನಮ್ಮ ಅಜ್ಜಿಯಂದಿರು ಸೊನೆ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದದ್ದು ಒಂದಲ್ಲ, ಕನಿಷ್ಠ ಎರಡು ಎಂದು ಹೀಗೆ ತಿಳಿಯಿತು.

ಆದರೆ ಪೂರ್ತಿ ಗುರುತು ಸಿಗಲು ಮತ್ತೆ ಸುಮಾರು 100 ವರ್ಷ ಹಿಡಿಯಿತು. ಕಾರಣ ಬಾಲ. ಟಾರಿನ ಫೀನಾಲ್‌ಗಳು ಚಿಕ್ಕವು. ಗೇರಿನ ಫೀನಾಲ್‌ಗಳಿಗೆ 15 ಇಂಗಾಲದ ಉದ್ದದ ಬಾಲ ಇದೆ. ಅದಕ್ಕೇ ಅವು ಎಣ್ಣೆಯಂತೆ ಇರುವುದು, ಚರ್ಮದೊಳಗೆ ಸುಲಭವಾಗಿ ಇಳಿಯುವುದು. ಈ ಬಾಲದಲ್ಲಿ ಕೆಲವು ಕಡೆ ಜೋಡಿ ಬಂಧ ಇರುತ್ತದೆ. ಒಂದಕ್ಕೆ ಮೂರು, ಒಂದಕ್ಕೆ ಎರಡು, ಒಂದಕ್ಕೆ ಒಂದು, ಒಂದಕ್ಕೆ ಸೊನ್ನೆ. ಒಂದೇ ತಾಯಿಯ ನಾಲ್ಕು ಮಕ್ಕಳು, ನಾಲ್ಕೂ ಬೆರೆತೇ ಇರುತ್ತವೆ. ಬೆರಕೆ ಇದ್ದಲ್ಲಿ ಹರಳು ಸರಿಯಾಗಿ ಕಟ್ಟುವುದಿಲ್ಲ.

ಇದಕ್ಕೂ ಒಂದು ದಾರಿ ಸಿಕ್ಕಿತು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿಯಾದ ವನಸ್ಪತಿ ಮಾಡುವುದು ನಿಮಗೆ ಗೊತ್ತು. ಅದೇ ರೀತಿ ಸೊನೆಯ ವಸ್ತುವಿಗೆ ಹೈಡ್ರೋಜನ್ ಸೇರಿಸಿದರೆ ಜೋಡಿ ಬಂಧಗಳೆಲ್ಲ ತುಂಬಿ ನಾಲ್ಕೂ ಮಕ್ಕಳು ಒಂದೇ ಆಗುತ್ತವೆ. ಆಗ ಅನಕಾರ್ಡಿಕ್ ಆಸಿಡ್ ಸುಮಾರು 92 ಡಿಗ್ರಿಯಲ್ಲಿ ಕರಗುವ ಬಿಳಿ ಹರಳಾಗುತ್ತದೆ. ಜಪಾನಿನ ರಿಕೋ ಮಜಿಮಾ 20ನೇ ಶತಮಾನದ ಆರಂಭದಲ್ಲಿ ತಮ್ಮ ಊರಿನ ಅರಗು ಮರದ ಸೊನೆ ಉರುಶಿಯಾಲ್‌ನ ಗುರುತನ್ನು ಈ ದಾರಿಯಲ್ಲೇ ಹಿಡಿದಿದ್ದರು. ಆ ಮರ ಗೇರಿನ ಕುಟುಂಬದ್ದೇ. ಗೇರಿನ ಸೊನೆಯ ರಚನೆಯನ್ನು 1931ರಲ್ಲಿ ಸ್ಮಿಟ್, 1941ರಲ್ಲಿ ಬಾಕರ್ ಮತ್ತು ಹಾಕ್ ಎಂಬ ಡಚ್ ವಿಜ್ಞಾನಿಗಳು ಬಿಡಿಸಿದರು. 1950ರ ದಶಕದಲ್ಲಿ ವಿ. ಜೆ. ಪಾಲ್ ಮತ್ತು ಎಲ್. ಎಂ. ಯೆದ್ದನಪಳ್ಳಿ ಭಾರತದ ಗೇರು ಸಿಪ್ಪೆಯ ಎಣ್ಣೆಯನ್ನೇ ತೆಗೆದುಕೊಂಡು, ಬಾಲದಲ್ಲಿ ಎಷ್ಟೆಷ್ಟು ಜೋಡಿ ಬಂಧ ಇದೆ ಎಂದು ಬಿಡಿಸಿ ತೋರಿಸಿದರು.

ಗುರುತು ಸಿಕ್ಕಿದ್ದರಿಂದ ಏನಾಯಿತು

ಮಂಗಳೂರಿನಲ್ಲಿ 1920ರ ದಶಕದಲ್ಲಿ ಗೇರುಬೀಜದ ಕಾರ್ಖಾನೆಗಳು ಆರಂಭವಾದವು. ತಿರುಳು ಅಮೆರಿಕಕ್ಕೆ ಹೋಗುತ್ತಿತ್ತು. ಸಿಪ್ಪೆ ಉರಿಸಲಿಕ್ಕೆ ಮಾತ್ರ ಎಂಬ ಸ್ಥಿತಿ ಇತ್ತು. ಅದೇ ಕಾಲದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ಮಾಡುವುದು ಜಗತ್ತಿಗೆ ತಿಳಿದಿತ್ತು. ನಮ್ಮ ಹಳೆಯ ಮನೆಗಳ ಕಪ್ಪು ಕರೆಂಟ್ ಸ್ವಿಚ್ ಅದೇ ಬೇಕಲೈಟ್. ಗೇರಿನ ಸೊನೆಯೂ ಫೀನಾಲ್ ಎಂದು ಗೊತ್ತಾದ ಮೇಲೆ ಅದನ್ನೂ ಹೀಗೆ ಗಟ್ಟಿ ಮಾಡಬಹುದು ಎಂಬ ಯೋಚನೆ ಬಂತು. ಅಮೆರಿಕದ ಮಾರ್ಟಿಮರ್ ಹಾರ್ವಿ ಈ ಕೆಲಸದಲ್ಲಿ ಮುಂದಾದ. ಗೇರೆಣ್ಣೆಯ ರಾಳ ಬಿಸಿಗೆ ಬೇಗ ಕೆಡುವುದಿಲ್ಲ, ಉಜ್ಜಿದರೆ ತಾಳುತ್ತದೆ. ಹಾಗಾಗಿ ಅದನ್ನು ಗಾಡಿಗಳ ಬ್ರೇಕ್ ಲೈನಿಂಗ್‌ಗೆ ಬಳಸತೊಡಗಿದರು, ಈಗಲೂ ಬಳಸುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಚಾಲಕರು ಒತ್ತುವ ಬ್ರೇಕಿನಲ್ಲೂ ಗೇರು ಸಿಪ್ಪೆಯ ಪಾಲು ಇರಬಹುದು.

ಇನ್ನೊಂದು ಪ್ರಯೋಜನ ಕೈಗೆ ಸಂಬಂಧಿಸಿದ್ದು. ಗೇರು ಕಾರ್ಖಾನೆಗಳಲ್ಲಿ ಬೀಜ ಒಡೆಯುವ, ಸಿಪ್ಪೆ ಬಿಡಿಸುವ ಕೆಲಸ ಮಾಡಿದವರು ಬಹುಪಾಲು ಮಹಿಳೆಯರು. ಕೈಗೆ ಬೂದಿ ಹಚ್ಚಿಕೊಂಡು, ಎಣ್ಣೆ ಸವರಿಕೊಂಡು ಅವರು ದುಡಿದಿದ್ದಾರೆ. ಬೆರಳು ಕಪ್ಪಾಗಿ, ಸುಲಿದು, ಮತ್ತೆ ಬೆಳೆದು, ಮತ್ತೆ ಸುಲಿದಿದೆ. ಹಸಿ ಸೊನೆಯಲ್ಲಿ ಹೆಚ್ಚಿರುವುದು ಅನಕಾರ್ಡಿಕ್ ಆಸಿಡ್. ಬೀಜವನ್ನು ಚೆನ್ನಾಗಿ ಕಾಯಿಸಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಚರ್ಮವನ್ನು ಸುಡುವುದು ಅಷ್ಟು ಜೋರಾಗಿ ಅಲ್ಲ. ಆದರೆ ಕಾರ್ಡಾಲ್ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಹುರಿದ ಬೀಜದ ಸಿಪ್ಪೆಯೂ ಕೈ ಸುಡಬಲ್ಲದು. ಎಣ್ಣೆಯ ಜೊತೆಗೆ ಕೈಗವಸು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ಮಡಿವಾಳರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದ ಕರಿಗೇರಿನ ಕಾಯಿಯ ಸೊನೆಯೂ ಇದೇ ಬಗೆಯ ಉದ್ದ ಬಾಲದ ಫೀನಾಲ್. ಕಾಡಿನ ಗೇರು ಮರದ ಕೆಳಗೆ ಹೋದರೂ ಮೈ ಊದುತ್ತದೆ ಎನ್ನುವವರು ಗೇರುಬೀಜದ ಸೊನೆಗೂ, ಮಾವಿನಕಾಯಿ ತೊಟ್ಟಿನ ಸೊನೆಗೂ ಎಚ್ಚರವಾಗಿರುವುದು ಒಳ್ಳೆಯದು. ಮೂರೂ ಒಂದೇ ಕುಟುಂಬದವು, ಒಂದಕ್ಕೆ ಆಗದ ಮೈಗೆ ಇನ್ನೊಂದೂ ಆಗದಿರಬಹುದು.

ಹಾವು ಬಾರದಿರಲಿ ಎಂದು ಮನೆ ಸುತ್ತ ಕಾರ್ಬಾಲಿಕ್ ಆಸಿಡ್ ಇಡುವವರಿಗೂ ಒಂದು ಮಾತು. ಫೀನಾಲ್ ಚರ್ಮಕ್ಕೆ ಬಿದ್ದರೆ ಸುಡುವುದರ ಜೊತೆಗೆ ಆ ಜಾಗವನ್ನು ಮರಗಟ್ಟಿಸುತ್ತದೆ. ನೋವು ಗೊತ್ತಾಗದೆ ಗಾಯ ಆಳಕ್ಕೆ ಇಳಿಯುತ್ತದೆ, ವಿಷ ರಕ್ತಕ್ಕೆ ಸೇರುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಇಡಲೇಬೇಡಿ. ಬಿದ್ದರೆ ಕೂಡಲೇ ಬಟ್ಟೆ ತೆಗೆದು, ತುಂಬಾ ನೀರು ಸುರಿದು ತೊಳೆದು, ಆಸ್ಪತ್ರೆಗೆ ಹೋಗಿ.

ಈಗ ದೊಡ್ಡ ಪ್ರಯೋಗಾಲಯಗಳಲ್ಲಿ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಯಾವ ಫೀನಾಲ್ ಎಷ್ಟಿದೆ ಎಂದು ಬೇಗನೆ ಹೇಳುತ್ತದೆ. ಅಲ್ಲಿಯೂ ಎಷ್ಟೋ ಸಲ ಫೀನಾಲನ್ನು ಮೊದಲು ಡೆರಿವೇಟಿವ್ ಮಾಡಿಯೇ ಯಂತ್ರಕ್ಕೆ ಹಾಕುತ್ತಾರೆ. ಆದರೆ ಯಂತ್ರ ಬರುವ ಮೊದಲು ಗಾಜಿನ ನಳಿಕೆ, ಥರ್ಮಾಮೀಟರ್ ಮತ್ತು ತಾಳ್ಮೆ ಇಟ್ಟುಕೊಂಡು ಇಷ್ಟೆಲ್ಲ ಕಂಡುಹಿಡಿದರು. ಆ ವಿಜ್ಞಾನಿಗಳ ಹೆಸರು ಪುಸ್ತಕದಲ್ಲಿ ಉಳಿದಿದೆ. ಬೀಜ ಬಿಡಿಸಿದ ಕೈಗಳ ಹೆಸರು ಎಲ್ಲೂ ಬರೆದಿಲ್ಲ. ನಿಮ್ಮ ಮನೆಯಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದ ಅಮ್ಮ, ಅಜ್ಜಿ, ಚಿಕ್ಕಮ್ಮ ಇದ್ದರೆ ಒಂದು ಸಂಜೆ ಪಕ್ಕ ಕುಳಿತು ಕೇಳಿ. ಯಾವ ಕೆಲಸ ಮಾಡುತ್ತಿದ್ದರು, ಕೈಗೆ ಏನು ಹಚ್ಚುತ್ತಿದ್ದರು, ಗಾಯ ಎಷ್ಟು ದಿನಕ್ಕೆ ಮಾಯುತ್ತಿತ್ತು ಎಂದು ಬರೆದಿಟ್ಟುಕೊಳ್ಳಿ. ಗೇರಿನ ಸೊನೆಯ ಚರಿತ್ರೆಯಲ್ಲಿ ಇನ್ನೂ ಬರೆಯದೆ ಉಳಿದ ಭಾಗ ಅದು.